ನೀಲಕಂಠಪ್ಪನವರ ಬೆಳಗಿನ ವಾಕಿಂಗ್

ನವೆಂಬರ್ ಒಂದರಂದು ಅಮೆರಿಕದ ಕಾರ್ಲ್ಸ್‌ಬಾಡ್‌ನ ಪಾರ್ಕಿನಲ್ಲಿ ಮೆಕ್ಸಿಕನ್ನರು ಸತ್ತವರ ಹಬ್ಬ ಮಾಡುತ್ತಾರೆ. ಸತ್ತವರು ಅಂದು ಬಂದು, ಉಂಡು, ಮರುದಿನ ಹೋಗುತ್ತಾರೆಂದು ಅವರ ನಂಬಿಕೆ. ಮೆಟ್ಟಿಲು ಮೆಟ್ಟಿಲಾದ ಕಟ್ಟೆ, ಅದರ ತುಂಬ ಚೆಂಡುಹೂವು. ಯಾರು ಬೇಕಾದರೂ ತಮ್ಮ ಮನೆಯ ಸತ್ತವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿನಿಸಿನ ಎಡೆ ಇಡಬಹುದು. ನಡುನಡುವೆ ಸಕ್ಕರೆಯಲ್ಲಿ ಮಾಡಿದ ಬುರುಡೆಗಳು. ಬದುಕಿರುವವರು ಬಿಡುವ ಬುರುಡೆಗಿಂತ ಇವು ಎಷ್ಟೋ ಪ್ರಾಮಾಣಿಕ.

ಹೋದ ವರ್ಷ ತೀರಿಕೊಂಡ ಗಂಡ ನೀಲಕಂಠಪ್ಪನವರ ಫೋಟೋದ ಮುಂದೆ ಶಿವಕ್ಕ ಖಡಕ್ ರೊಟ್ಟಿ, ಮೆಂತ್ಯದ ಪಲ್ಯ, ಸಕ್ಕರೆಯಿಲ್ಲದ ಚಹಾ ಇಟ್ಟರು.

“ಅವ್ವಾ, ಅಪ್ಪಗ ಇಷ್ಟ ಆಗಿದ್ದು ಇಡಬೇಕು. ಇದು ಅವರ ಡಾಕ್ಟರಿಗೆ ಇಷ್ಟ ಆಗಿದ್ದು,” ಎಂದಳು ಮಗಳು ನಮ್ರತಾ.

“ಹನ್ನೆರಡು ವರ್ಷ ಇದನ್ನ ಉಂಡಾರ. ಈಗ ಸಿಹಿ ಇಟ್ಟರ, ಇದ್ದಾಗ ಯಾಕ ಕೊಡಲಿಲ್ಲ ಅಂತ ಕೇಳೂದಿಲ್ಲೇನು?”

ಅಕ್ಕರೆಯಿದ್ದಲ್ಲಿ ಸಕ್ಕರೆ ಯಾಕೆ ಎಂಬುದು ಶಿವಕ್ಕನ ಕಾನೂನು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಗಂಡ ಒಂದು ಚಮಚ ಪಾಯಸ ಕೇಳಿದ್ದರು. ಇವರು ಕೊಟ್ಟಿರಲಿಲ್ಲ. ಅಂದಿನಿಂದ ತಾವೂ ಸಿಹಿ ಮುಟ್ಟಿಲ್ಲ.

ಪಕ್ಕದಲ್ಲಿ ಬ್ರೆಡ್ ಜೋಡಿಸುತ್ತಿದ್ದ ಬೇಕರಿಯ ರೋಸಾ ಫೋಟೋ ನೋಡಿ, ನಗುತ್ತ ನಮ್ರತಾಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಮ್ರತಾ ತುಟಿ ಕಚ್ಚಿಕೊಂಡಳು.

“ಏನಂತಾಳ?”

“ಅಪ್ಪ ದಿನಾ ಮುಂಜಾನೆ ಈಕಿ ಅಂಗಡಿಗೆ ಬರ್ತಿದ್ದರಂತ.”

“ವಾಕಿಂಗ್ ಹೋಗ್ತಿದ್ದರು.”

“ಅಲ್ಲೀತನಕ ವಾಕಿಂಗ್. ಆಮ್ಯಾಲೆ ಒಂದು ಸಿಹಿ ಬನ್ನು. ಭಾನುವಾರ ಎರಡು.”

ಶಿವಕ್ಕನಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದರ ಬೆನ್ನಿಗೇ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ರೋಸಾ ಗುಲಾಬಿ ಬಣ್ಣದ ಸಕ್ಕರೆ ಮೆತ್ತಿದ ಬನ್ನೊಂದನ್ನು ಮುಂದೆ ಹಿಡಿದಳು. ಶಿವಕ್ಕ ಬಹಳ ಹೊತ್ತು ಅದನ್ನೇ ನೋಡಿ, ಚೂರು ಮುರಿದು ಬಾಯಿಗೆ ಹಾಕಿಕೊಂಡರು.

“ಸಪ್ಪಗೈತಿ. ಇದರ ಸಲುವಾಗಿ ನನಗ ಸುಳ್ಳು ಹೇಳಿದರಾ?”

ಮಗಳು ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ರೋಸಾ ಮತ್ತೇನೋ ಹೇಳಿದಳು.

“ಅಪ್ಪಾನೂ ಹಂಗ ಅಂತಿದ್ದರಂತ, ಅವ್ವಾ. ನನ್ನ ಹೆಂಡತಿ ಬ್ಯಾಳಿ, ಬೆಲ್ಲ ತುಂಬಿ ಒಂದು ರೊಟ್ಟಿ ಮಾಡ್ತಾಳ, ಅದರ ಮುಂದ ಇದು ಏನೂ ಅಲ್ಲ ಅಂತ. ಕೇಳಾಕ ಮಾತ್ರ ಧೈರ್ಯ ಇಲ್ಲಂತ.”

ಶಿವಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡರು, ಆಮೇಲೆ ಕಣ್ಣು.

“ಇವರು ಸತ್ತವರನ್ನ ಯಾವಾಗ ಕಳಿಸಿಕೊಡ್ತಾರ, ಕೇಳು.”

“ನಾಳೆ ಸಂಜೀಕಂತ.”

“ಹಂಗಾರ ನಡಿ ಮನೀಗೆ. ಕಡ್ಲಿಬ್ಯಾಳಿ ಬೇಯಾಕ ಇಡೂಣು.”