ಎದ್ದರೆ ಕೂಗುವ ಕುರ್ಚಿ

ಕಂಡಕ್ಟರ್ ತಾತ ವೃದ್ಧಾಶ್ರಮದ ಬಚ್ಚಲಲ್ಲಿ ಬಿದ್ದರು. ಬಿದ್ದೆ ಎಂದು ಮಾತ್ರ ಒಪ್ಪಲಿಲ್ಲ.

"ಸೋಪು ಜಾರ್ತು ಸಿಸ್ಟರ್. ಎತ್ಕೊಳ್ಳೋಣ ಅಂತ ಕೂತೆ," ಎಂದರು, ನೆಲದ ಮೇಲೆ ಅಂಗಾತ ಮಲಗಿಕೊಂಡೇ.

ಮೂಳೆ ಮುರಿದಿರಲಿಲ್ಲ. ಸೊಂಟ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಅಷ್ಟೆ. ಆದರೆ ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದವರು ಅಲುಗಾಡದ ನೆಲದ ಮೇಲೆ ಬೀಳುವುದೆಂದರೆ ಮಾನದ ಪ್ರಶ್ನೆ.

ಆಶ್ರಮದವರು ಅವರ ಕುರ್ಚಿಯ ಮೆತ್ತೆಯಡಿ ಅಲಾರಂ ಇಟ್ಟರು. ತಾತ ಎದ್ದರೆ ಸಾಕು, ಊರಿಗೇ ಬೆಂಕಿ ಬಿದ್ದಂತೆ ಅದು ಅರಚಿಕೊಳ್ಳುತ್ತಿತ್ತು. ಟಿವಿ ನೋಡುತ್ತಿದ್ದವರೆಲ್ಲ ತಿರುಗಿ "ಎಲ್ಲಿಗೆ ತಾತ?" ಎನ್ನುವರು. ಹಾಲ್ ತುಂಬ ಹೆಂಗಸರ ಮುಂದೆ "ಒಂದಕ್ಕೆ" ಎಂದು ಡಂಗುರ ಸಾರಬೇಕಾಗುತ್ತಿತ್ತು.

ಕೆಲವು ದಿನ ಕಳೆಯುವುದರೊಳಗೆ ಅಲಾರಂ ಕೂಗುವುದೇ ಅಪರೂಪವಾಯಿತು. "ತಾತನ್ನ ನೋಡಿ ಕಲೀರಿ," ಎಂದು ಸಿಸ್ಟರ್ ಉಳಿದವರಿಗೆ ಬುದ್ಧಿ ಹೇಳಿದರು. ಅನುಮಾನ ಬಂದದ್ದು ತಾತನ ಭಾವಮೈದುನನಿಗೊಬ್ಬನಿಗೇ. ತೀರಿಹೋದ ಹೆಂಡತಿಯ ತಮ್ಮನಾದ ಅವನೂ ತಾತನ ಕೋಣೆಯಲ್ಲೇ ಇದ್ದ. ವಾಕರ್ ಇಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ.

"ಭಾವ, ನೀವು ಏಳೋದೇ ಬಿಟ್ಟಿದ್ದೀರ."

"ಎದ್ದು ಯಾವ ರಾಜ್ಯ ಗೆಲ್ಬೇಕು?"

"ಕಾಲು ನೋಡ್ಕೊಳ್ಳಿ, ಕಡ್ಡಿ ಆಗಿವೆ."

ತಾತ ಕಾಲು ನೋಡಿಕೊಳ್ಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, "ಎದ್ರೆ ನೆಲ ಮುಖಕ್ಕೇ ಬಂದ ಹಾಗಾಗುತ್ತೆ ಕಣೋ. ಯಾರಿಗೂ ಹೇಳ್ಬೇಡ," ಎಂದರು.

ಮೈದುನನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಮಧ್ಯಾಹ್ನದ ಊಟದೊಳಗೆ ವಿಷಯ ಆಶ್ರಮದಲ್ಲಿ ವ್ಯಾಯಾಮ ಮಾಡಿಸುವ ಮೇಡಂಗೆ ಮುಟ್ಟಿತು.

ಮೇಡಂ ಸ್ಟೂಲ್ ಎಳೆದುಕೊಂಡು ತಾತನ ಎದುರು ಕೂತರು. "ಭಯ ಆಗೋದು ಸಹಜ ತಾತ. ಆದ್ರೆ ಕೂತಷ್ಟೂ ಕಾಲು ಸೋಲುತ್ತೆ. ಸೋತ ಕಾಲೇ ಬೀಳ್ಸೋದು. ಇಲ್ಲಿ ಯಾರೂ ಬೀಳ್ಬಾರ್ದು ಅಂತ ಎಲ್ಲರನ್ನೂ ಕೂರ್ಸಿಬಿಟ್ರೆ ಆಯ್ತಾ?" ಎಂದವರೇ ಸಿಸ್ಟರ್ ಕಡೆ ತಿರುಗಿ, "ಮೊದ್ಲು ಈ ಕುರ್ಚಿ ಬಾಯಿ ಮುಚ್ಚಿಸಿ," ಎಂದರು.

ಸಿಸ್ಟರ್ ಮುಖ ಸಣ್ಣದು ಮಾಡಿಕೊಂಡು ಅಲಾರಂ ತೆಗೆದರು.

ತಾತನ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಹಿಂದಿನಿಂದ ಮೇಡಂ ಹಿಡಿದುಕೊಂಡರು. ಏಳುವುದು, ಕೂರುವುದು, ಮತ್ತೆ ಏಳುವುದು. ಮೊದಲ ದಿನ ತಾತ ಮೇಡಂಗೂ ಮೈದುನನಿಗೂ ಸಮನಾಗಿ ಶಾಪ ಹಾಕಿದರು. ಜಾರದ ಬೂಟು ಬಂತು, ಬಚ್ಚಲಿಗೆ ಹಿಡಿಕೆ ಬಂತು. ಕೊನೆಗೆ ತಾತನಿಗೂ ವಾಕರ್ ಬಂತು. ಅದನ್ನು ಮೈದುನನ ವಾಕರ್‌ಗಿಂತ ಹೊಸದೆಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡರು.

ಒಂದು ಸಂಜೆ ಇಬ್ಬರೂ ಅಂಗಳದ ಬೆಂಚಿನವರೆಗೆ ನಡೆದುಹೋದರು. ಜಗತ್ತು ಗೆದ್ದವರಂತೆ ಕೂತರು. ಏಳಹೊರಟಾಗ ತಿಳಿಯಿತು, ಬೆಂಚು ಬಹಳ ತಗ್ಗು.

"ನೀನು ಮೊದ್ಲು ಏಳು."

"ದೊಡ್ಡೋರು ನೀವಿರುವಾಗ ನಾನು ಹೇಗೆ ಭಾವ?"

ಮರ್ಯಾದೆ ಕೊಡುತ್ತ ಕೊಡುತ್ತ ಕತ್ತಲಾಗುವುದರಲ್ಲಿತ್ತು. ಮೇಡಂ ಬಂದು ಒಬ್ಬೊಬ್ಬರನ್ನಾಗಿ ಎಬ್ಬಿಸಿದರು. ತಾತನಿಗೆ ನಗು ತಡೆಯಲಾಗಲಿಲ್ಲ.

ಮುಂದಿನ ವಾರ ಬಡಗಿ ಬಂದು ಬೆಂಚಿನ ಕಾಲುಗಳಡಿ ಮರದ ತುಂಡು ಕೂಡಿಸಿದ. ತಾತ ವಾಕರ್ ಹಿಡಿದು ಪಕ್ಕದಲ್ಲೇ ನಿಂತು, "ಇನ್ನೂ ಸ್ವಲ್ಪ ಎತ್ತು, ಇನ್ನೂ ಸ್ವಲ್ಪ," ಎಂದು ಅವನ ತಲೆ ತಿಂದರು. ಕೆಲಸ ಮುಗಿಯುವವರೆಗೂ ತಾವು ನಿಂತೇ ಇದ್ದದ್ದು ಅವರ ಗಮನಕ್ಕೇ ಬರಲಿಲ್ಲ.