ಭಾನುವಾರದ ಹೊಗೆ

ಬರ್ನ್ಲಿ ಪಟ್ಟಣದ ಗಿರಣಿ ಯಜಮಾನ ಜೇಬೆಜ್ ಆರ್ಮರಾಡ್ ಲಂಡನ್ನಿನಿಂದ ಪಿಂಡಾರ್ ಎಂಬ ಚಿತ್ರಗಾರನನ್ನು ಕರೆಸಿ, ತನ್ನ ಬಟ್ಟೆ ಗಿರಣಿಯ ದೊಡ್ಡದೊಂದು ಚಿತ್ರ ಬರೆಯಲು ಹೇಳಿದ. ಹೊಗೆಯಲ್ಲಿ ಆರು ದಿನ ಪಿಂಡಾರ್‌ಗೆ ಗಿರಣಿಯೇ ಸರಿಯಾಗಿ ಕಾಣಲಿಲ್ಲ. ಭಾನುವಾರ ಉಗಿಯಂತ್ರಗಳು ನಿಂತು ಆಕಾಶ ತಿಳಿಯಾಯಿತು. ಅವನು ಗಡಿಬಿಡಿಯಿಂದ ಕೂತು ಮೂರು ಹೊಗೆಕೊಳವೆಗಳ ಗಿರಣಿಯನ್ನೂ, ನೀಲಿ ಆಕಾಶವನ್ನೂ, ಅದರಡಿ ಮಡಿಬಟ್ಟೆ ತೊಟ್ಟು ಪ್ರಾರ್ಥನೆಗೆ ಹೊರಟ ಕೂಲಿಗಳನ್ನೂ ಬರೆದ.

ಚಿತ್ರ ನೋಡಿ ಜೇಬೆಜ್ ಕೆಂಡಾಮಂಡಲವಾದ.

“ಹೊಗೆ ಎಲ್ರೀ? ಇದನ್ನ ನೋಡಿದೋರು ನಾನು ದಿವಾಳಿ ಎದ್ದೆ ಅಂದ್ಕೊಳ್ಳಲ್ವಾ?”

ಪಿಂಡಾರ್ ಹಲ್ಲು ಕಚ್ಚಿಕೊಂಡು ಮೂರೂ ಹೊಗೆಕೊಳವೆಗಳಿಗೆ ಹೊಗೆ ಬಳಿದ. ಜೇಬೆಜ್ ಹಿಗ್ಗಿ ಹೀರೇಕಾಯಿಯಾದ. ಅವನ ಹೆಂಡತಿ ಹೆಸ್ಟರ್ ಮಾತ್ರ ಕನ್ನಡಕ ಏರಿಸಿ ಹತ್ತಿರ ಬಂದಳು.

“ಈ ಜನರ ಕೈಲಿರೋದು ಪ್ರಾರ್ಥನೆ ಪುಸ್ತಕ ಅಲ್ವೇನ್ರೀ? ಭಾನುವಾರನೂ ಗಿರಣಿ ಓಡಿಸ್ತೀರಿ ಅಂತ ಪಾದ್ರಿಗಳು ತಿಳ್ಕೊಂಡ್ರೆ, ಚರ್ಚಲ್ಲಿ ಮುಂದಿನ ಬೆಂಚಿಂದ ನಮ್ಮನ್ನ ಎಬ್ಬಿಸ್ತಾರೆ ಅಷ್ಟೆ.”

ಜೇಬೆಜ್ ತಲೆ ಕೆರೆದುಕೊಂಡ. “ಹೊಗೆ ತೆಗೆಯೋ ಹಾಗಿಲ್ಲ. ಒಂದ್ ಕೆಲಸ ಮಾಡಿ, ಇನ್ನೊಂದಿಷ್ಟು ಹಾಕಿ, ಕೆಳಗಿನ ತನಕ ಬರಲಿ. ಜನ ಕಾಣಿಸ್ದಿದ್ರೆ ಆಯ್ತಲ್ಲ.”

ಪಿಂಡಾರ್‌ನ ಕಪ್ಪು ಬಣ್ಣವೆಲ್ಲ ಖಾಲಿಯಾಯಿತು. ಚಿತ್ರವನ್ನು ಪುರಭವನದಲ್ಲಿ ತೂಗುಹಾಕಿದ ದಿನ, ಅದರೊಳಗೆ ಮುಚ್ಚಿಹೋಗಿದ್ದ ಕೂಲಿಗಳೇ ಸಾಲುಗಟ್ಟಿ ನೋಡಲು ಬಂದರು. ಮಗ್ಗದ ಕೆಲಸದ ಹೆಂಗಸೊಬ್ಬಳು ಕೆಮ್ಮುತ್ತ ಪಕ್ಕದವಳಿಗೆ ಹೇಳಿದಳು:

“ಲಂಡನ್ನಿನೋನಾದ್ರೂ ನಮ್ಮೂರನ್ನ ಇದ್ದ ಹಾಗೇ ಬರ್ದಿದಾನೆ ನೋಡೇ.”