ಮಡಿಕೆಯ ನಡುಬದಿ

೧
ಕತ್ತರಿಯಿಂದ ಶುರು ಮಾಡಲೋ, ಮದುವೆಯಿಂದಲೋ? ಕತ್ತರಿ ಎಂದರೆ ನೀವು ಅಪಶಕುನ ಎನ್ನುತ್ತೀರಿ, ಮದುವೆ ಎಂದರೆ ಊಟ ಏನು ಎನ್ನುತ್ತೀರಿ. (ಕುರಿಮಾಂಸದ ಸಾರು.) ಇರಲಿ, ಕಾಗದದಿಂದ ಶುರು ಮಾಡುತ್ತೇನೆ.

೨
ಚೀನಾದಲ್ಲಿ, ನಮ್ಮ ಶಾನ್‌ಶಿ ಕಡೆ ಮದುವೆಮನೆಯ ಬಾಗಿಲಿಗೆ ಕೆಂಪು ಕಾಗದದ 囍 ಅಂಟಿಸುತ್ತೇವೆ. ಸಂತೋಷ ಎಂಬ ಅಕ್ಷರವೇ ಎರಡು ಸಲ, ಕೈಕೈ ಹಿಡಿದುಕೊಂಡು. ಕಾಗದ ಮಡಚಿ ಕತ್ತರಿಸುವಾಗ ನಡುವಿನ ಮಡಿಕೆಗೆ ಕತ್ತರಿ ತಾಗಬಾರದು. ತಾಗಿದರೆ ಎರಡು ಸಂತೋಷಗಳೂ ಬೇರೆ ಬೇರೆ ಬೀಳುತ್ತವೆ.

ಪಕ್ಕದ ಮನೆಯ ಸೂಚಿನ್ ಚಿಕ್ಕವಳಿದ್ದಾಗಲೇ ತಾಯಿಯಿಂದ ಇದನ್ನು ಕಲಿತವಳು. ಅವತ್ತು ತಾಗಿಸಿಬಿಟ್ಟಳು. ಮದುವೆ ಅವಳದಲ್ಲ, ತಾಯಿ ಯಿನ್‌ಹುವಾಳದು. ಗಂಡ ಸತ್ತು ಎಷ್ಟೋ ವರ್ಷಗಳ ಮೇಲೆ, ತೋಫು ಮಾರುವ ಗೆಂಗ್ ಜೊತೆ.

"ಕೈ ಜಾರ್ತಮ್ಮ."

"ನಿನ್ ಕೈ ಜಾರಿದ್ದು ನಾನ್ ಯಾವತ್ತೂ ನೋಡಿಲ್ಲ. ಬೇಡ ಅಂದ್ರೆ ಬಾಯ್ಬಿಟ್ಟು ಹೇಳೇ. ಗೆಂಗ್‌ಗೆ ಈಗ್ಲೇ ಫೋನ್ ಮಾಡಿ ಮದ್ವೆ ಬೇಡ ಅಂತೀನಿ."

"ನಾನೆಲ್ಲಿ ಬೇಡ ಅಂದೆ?"

"ಬೇಕು ಅಂತಾನೂ ಅಂದಿಲ್ವಲ್ಲ!"

೩
ಸೂಚಿನ್ ಬೇಕೆಂದೇ ಕತ್ತರಿಸಿದಳು ಎಂದು ಬರೆದೆ. ಅವಳು ಗೋಡೆಯಾಚೆಯಿಂದ ಇಣುಕಿ, "ಅಣ್ಣಾ, ನಂಗೇ ಗೊತ್ತಿಲ್ದಿದ್ದು ನಿಮ್ಗೆ ಹೇಗ್ ಗೊತ್ತಾಯ್ತು?" ಎಂದಳು. ಹೊಡೆದುಹಾಕಿದೆ. ಕೈ ಜಾರಿತು ಎಂದು ಬರೆದೆ. "ಅದೂ ಸುಳ್ಳಿರ್ಬೋದು." ಲೇಖಕನಿಗೆ ಈ ಬೀದಿಯಲ್ಲಿ ಇಷ್ಟೇ ಮರ್ಯಾದೆ. ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಪಾಪ ಅನ್ನಿಸಿತು.

೫
(ನಾಲ್ಕನ್ನು ಹರಿದುಹಾಕಿದೆ. ಅದರಲ್ಲಿ ಗೆಂಗ್ ಅಳುತ್ತಿದ್ದ, ಚೆನ್ನಾಗಿರಲಿಲ್ಲ.)

ಒಂದು ಅಂತ್ಯ: ಹೆಣ್ಣು ಹೊರಡುವ ಮನೆಗೆ ಒಂಟಿ ಸಂತೋಷ, ಸೇರುವ ಮನೆಗೆ ಜೋಡಿ, ಇದು ನಮ್ಮ ಪದ್ಧತಿ. ಒಂದು ತುಂಡನ್ನು ಯಿನ್‌ಹುವಾಳ ಬಾಗಿಲಿಗೆ ಅಂಟಿಸಿದರೆ ಶಾಸ್ತ್ರಕ್ಕೆ ಸರಿಹೋಗುತ್ತದೆ. "ಇನ್ನೊಂದನ್ನ ಏನ್ ಮಾಡ್ಲಿ?" ಎಂದು ಯಿನ್‌ಹುವಾ ನನ್ನನ್ನೇ ಕೇಳಿದಳು. ಹೊಡೆದುಹಾಕಿದೆ.

ಇನ್ನೊಂದು: ಎರಡನ್ನೂ ಒತ್ತೊತ್ತಾಗಿ ಗೆಂಗ್ ಮನೆಬಾಗಿಲಿಗೆ ಅಂಟಿಸುವುದು. ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಬೇರೆ ಯಾರೂ ನೋಡದಿದ್ದರೂ ಯಿನ್‌ಹುವಾ ದಿನಾ ನೋಡುತ್ತಾಳೆ. ಇದೂ ಬೇಡ.

ಸರಿ, ಆದದ್ದನ್ನೇ ಹೇಳುತ್ತೇನೆ. ಯಿನ್‌ಹುವಾ ಫೋನ್ ಎತ್ತಿ ಗೆಂಗ್ ನಂಬರ್ ಒತ್ತಿದಳು. ಸೂಚಿನ್ ಹೊಸ ಕೆಂಪು ಹಾಳೆ ಮಡಚಿ, ಕತ್ತರಿ ಹಿಡಿದು, ತಾಯಿಯ ಎದುರು ಕೂತಳು.

"ಅಮ್ಮಾ, ಯಾವ ಬದಿ ಕತ್ತರಿಸ್ಬಾರ್ದು? ಇನ್ನೊಂದ್ಸಲ ಹೇಳ್ಕೊಡು."

ಆ ಕಡೆ ಗೆಂಗ್ "ಹಲೋ, ಹಲೋ" ಅನ್ನುತ್ತಿದ್ದಾನೆ. ಯಿನ್‌ಹುವಾ ಫೋನನ್ನು ಮೇಜಿನ ಮೇಲಿಟ್ಟು ಮಗಳ ಕೈ ಹಿಡಿದುಕೊಂಡಿದ್ದಾಳೆ. ಕತ್ತರಿ ಬಾಯಿ ತೆರೆದಿದೆ. ಅದನ್ನು ನಾನು ಮುಚ್ಚುವುದಿಲ್ಲ.